ಹಳೇ ಯೆಜ್ಡಿ ಬೈಕಿಗೆ ಬೋರ್ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಹಾಸನದಿಂದ: ಅಪ್ಪನ 1988ರ ರೋಡ್‌ಕಿಂಗ್. ಬೆಳ್ಳಗೆ ಹೊಗೆ, ಕಿಕ್ ಸಡಿಲ, ಏರಿನಲ್ಲಿ ಎಳೆಯುತ್ತಿಲ್ಲ. ಮೆಕ್ಯಾನಿಕ್ ಬೋರ್ ಅಂತಾರೆ, ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸೋದು. ಮಾಡಿಸಲಾ?

ಮೈಸೂರಿನಿಂದ: ಕಣ್ಣು ಮುಚ್ಚಿ ಮಾಡಿಸಿ. ನಮ್ಮ ಯಾದವಗಿರಿ ಫ್ಯಾಕ್ಟರಿಯಲ್ಲೇ ಹುಟ್ಟಿದ ಗಾಡಿ, ಬಿಡೋಕಾಗುತ್ತಾ? ಸ್ಟಾಂಡರ್ಡ್ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ. ನಾನು ಮೊದಲು 0.25, ಆಮೇಲೆ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಪಿಸ್ಟನ್ ಕಿಟ್ 2,650, ಬೋರ್ ಮತ್ತು ಹೋನಿಂಗ್ (ಒಳಮೈ ನಯ ಮಾಡೋದು) 900, ಗ್ಯಾಸ್ಕೆಟ್ 180. ಚೀಟಿ ಇನ್ನೂ ಇಟ್ಟಿದ್ದೇನೆ. ಮೊದಲ 1,000 ಕಿ.ಮೀ. 50ರ ಸ್ಪೀಡ್ ದಾಟಲಿಲ್ಲ.

ತುಮಕೂರಿನಿಂದ: ಬೋರ್ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಸ ಪಿಸ್ಟನ್ ಹಾಕಿ 300 ಕಿ.ಮೀ. ಆಗಿರಲಿಲ್ಲ, ಪಿಸ್ಟನ್ ಪಿನ್ನನ್ನು ಹಿಡಿದಿಡುವ ಲಾಕ್ ಕಳಚಿತು. ಹಳೇ ಲಾಕನ್ನೇ ಹಾಕಿದ್ದರು, 10 ರೂಪಾಯಿ ಉಳಿಸೋಕೆ. ಬಿಚ್ಚಿ ನೋಡಿದರೆ ಸಿಲಿಂಡರಿನಲ್ಲಿ ಮೇಲಿಂದ ಕೆಳಗೆ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಚೂರು ಕ್ರ್ಯಾಂಕಿಗೆ ಬಿದ್ದು ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ (ಕ್ರ್ಯಾಂಕ್ ಕಡೆಯ ತುದಿ) ಬೇರಿಂಗೂ ಹೋಯಿತು. ಸಿಲಿಂಡರಿನೊಳಗೆ ಹೊಸ ಸ್ಲೀವ್ (ಕೊಳವೆ) 2,200, ಕ್ರ್ಯಾಂಕ್ ಕೆಲಸ 4,800, ಮತ್ತೊಂದು ಪಿಸ್ಟನ್ ಬೇರೆ. ಐದು ತಿಂಗಳು ಇಂಜಿನ್ ಗೋಣಿಚೀಲದಲ್ಲಿತ್ತು.

ಮೈಸೂರಿನಿಂದ: ಅದು ಕೆಲಸದವರ ತಪ್ಪು, ಬೋರಿನದಲ್ಲ.

ತುಮಕೂರಿನಿಂದ: ದುಡ್ಡು ಹೋಗಿದ್ದು ನನ್ನದು ಸ್ವಾಮಿ.

ಶಿವಮೊಗ್ಗದಿಂದ: ಇಬ್ಬರೂ ಹೊಗೆಯ ಮಾತೇ ಬಿಟ್ಟಿರಿ. ಪಿಸ್ಟನ್ ರಿಂಗ್ ಸವೆದರೆ ಹೊಗೆ ಅನ್ನೋದು ಫೋರ್ ಸ್ಟ್ರೋಕಿನ ಲೆಕ್ಕ, ಅಲ್ಲಿ ಪಿಸ್ಟನ್ ಕೆಳಗೆ ಆಯಿಲ್ ಇರುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗೂ ಪೆಟ್ರೋಲೇ ಓಡಾಡುವುದು. ರಿಂಗ್ ಹೋದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೋಗುತ್ತದೆ, ಅಷ್ಟೇ. ನನ್ನದರಲ್ಲಿ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಒಳಗೆ ನುಗ್ಗದಂತೆ ತಡೆಯುವ ಬಳೆ) ಹೋಗಿತ್ತು. ಗೇರ್ ಆಯಿಲ್ ಎಳೆದುಕೊಂಡು ಸುಡುತ್ತಿತ್ತು, ತಿಂಗಳಿಗೆ ಅರ್ಧ ಲೀಟರ್. ಅದು ಗೊತ್ತಾಗದೆ ಬೋರ್ ಮಾಡಿಸಿ 5,000 ಕಳೆದೆ. ಹೊಗೆ ಹಾಗೇ ಇತ್ತು. ಕೊನೆಗೆ ಹಾಕಿಸಿದ ಸೀಲ್ ಬರೀ 120 ರೂಪಾಯಿ.

ಮೈಸೂರಿನಿಂದ: ಹಾಗಾದರೆ ಅವರ ಕಿಕ್ ಯಾಕೆ ಸಡಿಲ? ಸೀಲಿಗೂ ಕಿಕ್ಕಿಗೂ ಏನು ಸಂಬಂಧ?

ಶಿವಮೊಗ್ಗದಿಂದ: ರಿಂಗ್ ಚೆನ್ನಾಗಿದೆ ಅಂದೆನಾ ನಾನು? ಕಂಪ್ರೆಷನ್ ಹೋದರೆ ಕಿಕ್ ಸಡಿಲವೇ. ದುಡ್ಡು ಬಿಚ್ಚುವ ಮೊದಲು ಗೇರ್ ಆಯಿಲ್ ಇಳಿಸಿ ಅಳೆಯಲಿ, ಕಡಿಮೆಯಾಗಿದ್ದರೆ ಸೀಲ್ ನೋಡಲಿ ಅಂದೆ.

ಮಂಡ್ಯದಿಂದ: ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದರೂ ಹೊಗೆ ಬರುತ್ತೆ ಅಲ್ವಾ? ನಾನು ಲೀಟರಿಗೆ 30 ಮಿಲಿ ಅಷ್ಟೇ ಹಾಕೋದು.

ತುಮಕೂರಿನಿಂದ: 30ಆ? ಸುಮ್ನೆ ಹೊಸಬರ ತಲೆ ಕೆಡಿಸಬೇಡಿ. ಪಿಸ್ಟನ್ನಿಗೂ ಬಿಗ್ ಎಂಡಿಗೂ ಸಿಗುವುದು ಆ ಆಯಿಲ್ ಒಂದೇ. ನಾನು 40ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಮಂಡ್ಯದಿಂದ: ಆರು ವರ್ಷದಿಂದ ಓಡಿಸುತ್ತಿದ್ದೇನೆ, ಒಮ್ಮೆಯೂ ಪಿಸ್ಟನ್ ಸಿಕ್ಕಿಕೊಂಡು ಸೀಜ್ ಆಗಿಲ್ಲ.

ತುಮಕೂರಿನಿಂದ: ಸಂತೆಗೆ ಹೋಗಿ ಬರೋದಲ್ಲ, ಇಬ್ಬರು ಕೂತು ಚಾರ್ಮಾಡಿ ಘಾಟಿ ಹತ್ತಿಸಿ ನೋಡಿ. ಆಮೇಲೆ ಮಾತಾಡೋಣ.