ಅಪ್‌ಡೇಟ್: ಮಗನ ಕೊಲೆಸ್ಟ್ರಾಲ್ 88
ಆಟಿಸಂ ಇರೋ ನನ್ನ ಮಗನಿಗೆ ಒಟ್ಟು ಕೊಲೆಸ್ಟ್ರಾಲ್ 88 ಬಂದಿದೆ, ಕಮ್ಮಿ ಇದ್ರೆ ಒಳ್ಳೇದೇ ಅಲ್ವಾ ಅಂತ ಹೋದ ತಿಂಗಳು ಕೇಳಿದ್ದೆ. ಜೆನೆಟಿಕ್ಸ್ ಡಾಕ್ಟರಿಗೆ ತೋರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಡಾಕ್ಟರ್ ಮೊದಲು ಸಾಕ್ಸ್ ಬಿಚ್ಚಿಸಿ, ಎರಡನೇ, ಮೂರನೇ ಕಾಲ್ಬೆರಳು ಅಂಟಿಕೊಂಡಿವೆಯಾ ಅಂತ ಬಿಡಿಸಿ ನೋಡಿದ್ರು. ಸ್ಮಿತ್-ಲೆಮ್ಲಿ-ಒಪಿಟ್ಜ್ ಅನ್ನೋ ಅಪರೂಪದ ಕಾಯಿಲೆ ಇರೋ ತುಂಬಾ ಮಕ್ಕಳಲ್ಲಿ ಹಾಗಿರುತ್ತಂತೆ, ಆಟಿಸಂ ಲಕ್ಷಣಗಳೂ ಇರುತ್ತವಂತೆ. ಡಿಎಚ್‌ಸಿಆರ್7 ಅನ್ನೋ ಜೀನಲ್ಲಿ ಈ ಕಾಯಿಲೆ ಇರೋರಿಗೆ ದೋಷ ಇದ್ದು, ದೇಹಕ್ಕೆ ಬೇಕಾದಷ್ಟು ಕೊಲೆಸ್ಟ್ರಾಲ್ ತಯಾರಾಗಲ್ಲ. ಕೊಲೆಸ್ಟ್ರಾಲ್ ಆಗೋಕೆ ಮುಂಚಿನ ರೂಪವಾದ 7-ಡಿಹೈಡ್ರೋಕೊಲೆಸ್ಟ್ರಾಲ್ ರಕ್ತದಲ್ಲಿ ಹೆಚ್ಚಾಗುತ್ತೆ. ಮಾಮೂಲಿ ಲಿಪಿಡ್ ಟೆಸ್ಟಲ್ಲಿ ಇದು ಗೊತ್ತಾಗಲ್ಲ, ಬೇರೆಯೇ ಟೆಸ್ಟ್ ಬೇಕು.

ಮಾಡಿಸಿದ್ವಿ. ನಾರ್ಮಲ್! ಯಾಕೆ ಕಮ್ಮಿ ಅನ್ನೋದು ಇನ್ನೂ ಗೊತ್ತಾಗಿಲ್ಲ, ಮೂರು ತಿಂಗಳಿಗೆ ಮತ್ತೆ ಟೆಸ್ಟ್. ನೀವಾಗೇ ಯಾವ ಸಪ್ಲಿಮೆಂಟೂ ಶುರು ಮಾಡ್ಬೇಡಿ ಅಂತ ಖಡಾಖಂಡಿತವಾಗಿ ಹೇಳಿದ್ದಾರೆ. ಜಯನಗರಕ್ಕೆ ವಾಪಸ್ ಬರೋವಾಗ ಆಟೋದಲ್ಲಿ ಕಂದ ತನ್ನ ಕಾಲ್ಬೆರಳನ್ನೇ ಒಂದೊಂದಾಗಿ ಮುಟ್ಟಿ ನೋಡ್ತಿದ್ದ.