ಸಹಾಯ ಬೇಕು: ಹಳೆಯ ಸ್ಯಾನ್ ಸ್ಟಾರ್ಮ್ ಫ್ರೇಮಿಗೆ ತುಕ್ಕು, ಗೋವಾದಲ್ಲಿ ಒಳ್ಳೆ ವೆಲ್ಡರ್ ಇದ್ದಾರಾ?

ನಮಸ್ಕಾರ ಎಲ್ಲರಿಗೂ. ವಾಸ್ಕೋದಲ್ಲಿದ್ದೇನೆ. ನನ್ನ ಹತ್ತಿರ ಹಳೆಯ ಸ್ಯಾನ್ ಸ್ಟಾರ್ಮ್ ಇದೆ, ಎರಡು ಸೀಟಿನ ಆ ಪುಟ್ಟ ಕಾರು. ಬಾಡಿ ಫೈಬರ್‌ದು, ಅದಕ್ಕೆ ತುಕ್ಕಿನ ಭಯವಿಲ್ಲ. ಕೆಳಗಿನ ಫ್ರೇಮ್ ಮಾತ್ರ ಉಕ್ಕು. ಉಪ್ಪುಗಾಳಿ, ಮಳೆ ಎಲ್ಲ ಅದರ ಮೇಲೇ. ಹಿಂದಿನ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ.

ಗ್ಯಾರೇಜಿನವರು "ಕರಿ ಕೋಟಿಂಗ್ ಹೊಡೆದು ಕೊಡ್ತೀವಿ" ಅಂತಾರೆ. ತುಕ್ಕಿನ ಮೇಲೇ ಕೋಟಿಂಗ್ ಹೊಡೆದರೆ ನೀರು ಒಳಗೇ ಸಿಕ್ಕಿಕೊಂಡು ಇನ್ನೂ ಜಾಸ್ತಿ ತಿನ್ನುತ್ತದೆ, ಅಲ್ವಾ? ಕೊಳೆತ ಭಾಗ ಕತ್ತರಿಸಿ ಹೊಸ ಶೀಟ್ ಮಿಗ್ ವೆಲ್ಡ್ (ಗ್ಯಾಸಿನ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವುದು) ಮಾಡುವವರು ಬೇಕು. ಅದಕ್ಕೂ ಮೊದಲು, ಕಿಡಿಗೆ ಬೆಂಕಿ ಹತ್ತದಂತೆ, ಪೆಟ್ರೋಲ್ ಟ್ಯಾಂಕ್ ಇಳಿಸುವವರು (ಇದನ್ನೂ ಹೇಳಬೇಕಾಗಿದೆ ನೋಡಿ!). ಮೇಲ್ಮೇಲಿನ ತುಕ್ಕನ್ನು ನಾನೇ ನೋಡಿಕೊಳ್ಳುತ್ತೇನೆ: ವೈರ್ ಬ್ರಷ್, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ), ಆಮೇಲೆ ಪ್ರೈಮರ್. ಆದರೆ ಫ್ರೇಮಿನ ಟೊಳ್ಳು ಭಾಗದೊಳಗೆ ತುಕ್ಕು ತಡೆಯುವ ವ್ಯಾಕ್ಸ್ ಸ್ಪ್ರೇ ಮಾಡಲು ಉದ್ದ ಪೈಪಿನ ನಳಿಗೆ ಬೇಕು. ಅದು ಇಲ್ಲಿ ಎಲ್ಲಿ ಸಿಗುತ್ತದೆ?

ಮಡಗಾಂವ್, ಫೋಂಡಾ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ. ಬೆಳಗಾವಿಯಾದರೂ ಸರಿ, ಟ್ರಕ್ಕಿನಲ್ಲಿ ಹಾಕಿಕೊಂಡು ಬರುತ್ತೇನೆ. ಈ ಫ್ರೇಮ್ ನಂಬಿ ಘಾಟಿ ಹತ್ತುವ ಧೈರ್ಯ ಇಲ್ಲ. ಜೂನ್ ಮಳೆಗೆ ಮೊದಲು ಕೆಲಸ ಮುಗಿಯಬೇಕು.