ಆರು ಸ್ಪೇಡ್ ಕರೆಯುವ ಮುನ್ನ

ಪ್ರಶ್ನೆ (ಧಾರವಾಡ): ನಿನ್ನೆ ಬ್ರಿಡ್ಜ್ ಇಸ್ಪೀಟಾಟದಲ್ಲಿ ಮೂರು ಸ್ಪೇಡ್‌ನಲ್ಲಿ ತುರುಫು ನಿಶ್ಚಯವಾದ ಮೇಲೆ ನಾನು ಬ್ಲ್ಯಾಕ್‌ವುಡ್ ಪದ್ಧತಿಯಂತೆ ನಾಲ್ಕು ನೋ-ಟ್ರಂಪ್ (ಜೊತೆಗಾರರ ಬಳಿ ಎಷ್ಟು ಎಕ್ಕಗಳಿವೆ ಎಂದು ಕೇಳುವ ಕರೆ) ಕರೆದೆನು, ಜೊತೆಗಾರರು ಐದು ಹಾರ್ಟ್ ಎಂದು ಎರಡು ಎಕ್ಕ ತೋರಿಸಿದ್ದರಿಂದ, ಹದಿಮೂರು ಸುತ್ತುಗಳಲ್ಲಿ ಹನ್ನೆರಡನ್ನು ಗೆಲ್ಲಬೇಕಾದ ಆರು ಸ್ಪೇಡ್‌ಗೆ ಹೋದೆವು. ಆದರೆ ಎದುರಾಳಿಗಳು ಡೈಮಂಡ್‌ನ ಎಕ್ಕ, ರಾಜ ಎರಡನ್ನೂ ಹೊಡೆದರು. ಇದನ್ನು ತಪ್ಪಿಸುವುದು ಹೇಗೆ?

ಉತ್ತರ (ಹುಬ್ಬಳ್ಳಿ): ತಮ್ಮ ಕೈಯಲ್ಲಿ ಡೈಮಂಡ್‌ನ ಎರಡು ಸಣ್ಣ ಎಲೆಗಳಿದ್ದಿರಬೇಕು. ಬ್ಲ್ಯಾಕ್‌ವುಡ್ ಎಕ್ಕಗಳ ಸಂಖ್ಯೆಯನ್ನು ತಿಳಿಸುತ್ತದೆಯೇ ಹೊರತು ಅವು ಯಾವ ಜಾತಿಯವು ಎಂಬುದನ್ನಲ್ಲ; ಆದ್ದರಿಂದ ಕ್ಲಬ್‌ನಲ್ಲಿ ಎಕ್ಕವಿದ್ದರೆ ಮೊದಲು ನಾಲ್ಕು ಕ್ಲಬ್ ಎಂಬ ಕ್ಯೂ-ಬಿಡ್ (ಆ ಜಾತಿಯ ಎಕ್ಕ ತನ್ನಲ್ಲಿದೆ ಎಂದು ಜೊತೆಗಾರರಿಗೆ ತೋರಿಸುವ ಕರೆ) ಮಾಡಬೇಕು. ಜೊತೆಗಾರರು ನಾಲ್ಕು ಡೈಮಂಡ್ ಎನ್ನದಿದ್ದರೆ, ಎಷ್ಟೇ ಆಸೆಯಾದರೂ ನಾಲ್ಕು ಸ್ಪೇಡ್‌ನಲ್ಲಿಯೇ ನಿಲ್ಲಬೇಕು.

ಉತ್ತರ (ಗದಗ): ಕೈಯಲ್ಲಿ ಒಂದು ಜಾತಿಯ ಎಲೆಯೇ ಇಲ್ಲದಿದ್ದಾಗಲೂ ಕ್ಯೂ-ಬಿಡ್ಡೇ ಮೇಲು, ಏಕೆಂದರೆ ಜೊತೆಗಾರರ ಎಕ್ಕ ಅದೇ ಜಾತಿಯದಾಗಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರು: ಡೈಮಂಡ್ ಎರಡೇ ಎಲೆ ಇದ್ದದ್ದು ನಿಜ. ಇಂದೇ ಜೊತೆಗಾರರೊಡನೆ ಕೂತು ಕ್ಯೂ-ಬಿಡ್ ಒಪ್ಪಂದ ಮಾಡಿಕೊಳ್ಳುತ್ತೇನೆ.